ಕೋವಿಡ್ ರಕ್ತಸೂಚಕಗಳು

ಆಸ್ಪತ್ರೆಗೆ ದಾಖಲಾದ ಕೋವಿಡ್ ರೋಗಿಯ ಸ್ಥಿತಿ ಮುಂದೆ ಬಿಗಡಾಯಿಸೀತೇ ಎಂದು ಅಂದಾಜು ಮಾಡಲು ವೈದ್ಯರು ನೋಡುವ ರಕ್ತಪರೀಕ್ಷೆಯ ಅಂಶಗಳು. ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್), ಡಿ-ಡೈಮರ್, ಫೆರಿಟಿನ್ ಎಂಬ ಪ್ರೋಟೀನ್, ಎಲ್‌ಡಿಎಚ್ ಎಂಬ ಕಿಣ್ವ, ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಎಣಿಕೆ ಇವುಗಳಲ್ಲಿ ಮುಖ್ಯವಾದವು.

ಇವು ಯಾವುವೂ ಕೊರೊನಾಕ್ಕೆಂದೇ ಹುಟ್ಟಿದವಲ್ಲ. ಸಿಆರ್‌ಪಿಯನ್ನು 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡವರು ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್. ಉರಿಯೂತ ಶುರುವಾದ ಕೆಲವೇ ತಾಸುಗಳಲ್ಲಿ ಏರುವ ಇದು, ಉರಿಯೂತ ಶಮನವಾದರೆ ಬೇಗನೆ ಇಳಿಯುತ್ತದೆ. ಡಿ-ಡೈಮರ್ ಎಂದರೆ ಹೆಪ್ಪುಗಟ್ಟಿದ ರಕ್ತ ಕರಗುವಾಗ ಉಳಿಯುವ ಚೂರು.

2020ರ ಮಾರ್ಚ್‌ನಲ್ಲಿ ವುಹಾನ್‌ನ ಎರಡು ಆಸ್ಪತ್ರೆಗಳ 191 ರೋಗಿಗಳ ಅಧ್ಯಯನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ದಾಖಲಾಗುವಾಗಲೇ ಡಿ-ಡೈಮರ್ ಮಿಲಿಲೀಟರಿಗೆ 1 ಮೈಕ್ರೊಗ್ರಾಂ ದಾಟಿದವರಿಗೆ ಅಪಾಯ ಹೆಚ್ಚು ಎಂದು ಅದು ತೋರಿಸಿತು. ಮೇ ತಿಂಗಳಲ್ಲಿ ವುಹಾನ್‌ನ ಇನ್ನೊಂದು ತಂಡ ಎಲ್‌ಡಿಎಚ್, ಲಿಂಫೋಸೈಟ್, ಸಿಆರ್‌ಪಿ ಈ ಮೂರರಿಂದಲೇ ಸಾವನ್ನು ಹತ್ತು ದಿನ ಮೊದಲೇ ಹೇಳಬಹುದೆಂದಿತು. ನೆದರ್ಲೆಂಡ್ಸ್, ಫ್ರಾನ್ಸ್, ನ್ಯೂಯಾರ್ಕ್‌ನ ರೋಗಿಗಳ ಮೇಲೆ ಪರೀಕ್ಷಿಸಿದಾಗ ಆ ಲೆಕ್ಕ ಅಷ್ಟು ಸರಿಹೋಗಲಿಲ್ಲ. ಒಂದೂರಿನ ರೋಗಿಗಳಿಂದ ಕಟ್ಟಿದ ಸೂತ್ರವನ್ನು ಇನ್ನೊಂದೂರಿನಲ್ಲಿ ಪರೀಕ್ಷಿಸದೆ ನಂಬಬಾರದು ಎಂಬುದು ಆಗ ಖಚಿತವಾಯಿತು. ಹೆಚ್ಚು ಗಟ್ಟಿಯಾಗಿ ನಿಂತದ್ದು ಬ್ರಿಟನ್ನಿನ 260 ಆಸ್ಪತ್ರೆಗಳ ಮಾಹಿತಿಯಿಂದ ಕಟ್ಟಿದ '4ಸಿ' ಅಂಕ. ಅದರ ಎಂಟು ಅಂಶಗಳಲ್ಲಿ ರಕ್ತಪರೀಕ್ಷೆಗೆ ಸೇರಿದವು ಎರಡೇ: ಯೂರಿಯಾ ಮತ್ತು ಸಿಆರ್‌ಪಿ. ಮಿಕ್ಕವು ವಯಸ್ಸು, ಲಿಂಗ, ಇತರ ಕಾಯಿಲೆಗಳು, ಉಸಿರಾಟದ ವೇಗ, ಆಮ್ಲಜನಕದ ಮಟ್ಟ, ಪ್ರಜ್ಞೆ.

ಕರ್ನಾಟಕದಲ್ಲಿ ರೋಗ ಕಾಣಿಸಿಕೊಂಡದ್ದು 2020ರ ಮಾರ್ಚ್‌ನಲ್ಲಿ. ಅದೇ ತಿಂಗಳು ಆದ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯ ರೋಗಿಯೊಬ್ಬರದು. ಏಪ್ರಿಲ್‌ನಲ್ಲಿ ಸೋಂಕು ಗದಗಕ್ಕೂ ಬಂತು. 2015ರಲ್ಲಿ ಶುರುವಾದ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಜಿಮ್ಸ್, ಜಿಲ್ಲೆಯ ಕೋವಿಡ್ ಆಸ್ಪತ್ರೆಯಾಯಿತು. ಎರಡನೇ ಅಲೆಯಲ್ಲಿ, 2021ರ ಏಪ್ರಿಲ್ 22ರಂದು, ಏಮ್ಸ್ ಮತ್ತು ಐಸಿಎಂಆರ್ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿಯು ಮಧ್ಯಮ ಸ್ಥಿತಿಯ ರೋಗಿಗಳಿಗೆ 48ರಿಂದ 72 ತಾಸಿಗೊಮ್ಮೆ ಸಿಆರ್‌ಪಿ, ಡಿ-ಡೈಮರ್ ನೋಡಬೇಕೆಂದಿತು. ಆದರೆ ಸೌಮ್ಯ ಲಕ್ಷಣದವರು ಈ ಪರೀಕ್ಷೆಗಳಿಗೆ ಮುಗಿಬೀಳಬಾರದು, ಅದರಿಂದ ಗಾಬರಿಯೇ ಹೆಚ್ಚುತ್ತದೆ ಎಂದು ಏಮ್ಸ್ ನಿರ್ದೇಶಕ ರಣದೀಪ್ ಗುಲೇರಿಯಾ ಮೇ ಮೊದಲ ವಾರದಲ್ಲೇ ಎಚ್ಚರಿಸಿದರು.

ಗಾಬರಿಗೆ ಕಾರಣ ವರದಿಯಲ್ಲೇ ಇತ್ತು. ಡಿ-ಡೈಮರ್ ಅನ್ನು ಒಂದು ಲ್ಯಾಬ್ 0.5 ಎಂದು ಬರೆದರೆ ಇನ್ನೊಂದು 500 ಎಂದು ಬರೆಯಬಹುದು. ಮೈಕ್ರೊಗ್ರಾಂ, ನ್ಯಾನೊಗ್ರಾಂ ವ್ಯತ್ಯಾಸ ಬಿಟ್ಟರೆ ಎರಡೂ ಒಂದೇ. ಸಿಆರ್‌ಪಿಯನ್ನು ಲೀಟರಿನಲ್ಲಿ ಹೇಳಿದಾಗ ಬರುವ ಅಂಕಿ, ಡೆಸಿಲೀಟರಿನಲ್ಲಿ ಹೇಳಿದ್ದರ ಹತ್ತು ಪಟ್ಟು. ರಕ್ತ ತೆಗೆಯುವಲ್ಲಿಯೂ ನಾಜೂಕು ಬೇಕು. ಡಿ-ಡೈಮರ್‌ಗೆ ಬಳಸುವ ತಿಳಿನೀಲಿ ಮುಚ್ಚಳದ ಟ್ಯೂಬಿನಲ್ಲಿ ಒಂದು ಪಾಲು ಸಿಟ್ರೇಟಿಗೆ ಒಂಬತ್ತು ಪಾಲು ರಕ್ತ ಬೀಳಬೇಕು. ಗೆರೆಯವರೆಗೆ ತುಂಬದಿದ್ದರೆ ಫಲಿತಾಂಶ ಕೆಡುತ್ತದೆ.

ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದಂಥ ತಾಲ್ಲೂಕುಗಳ ಮಟ್ಟಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಸರಳ ಪರೀಕ್ಷೆಯೇ. ಸಾಮಾನ್ಯ ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ) ವರದಿಯಲ್ಲಿರುವ ನ್ಯೂಟ್ರೊಫಿಲ್ ಶೇಕಡಾವನ್ನು ಲಿಂಫೋಸೈಟ್ ಶೇಕಡಾದಿಂದ ಭಾಗಿಸಿದರೆ ಸಾಕು, ಎನ್‌ಎಲ್‌ಆರ್ ಎಂಬ ಅನುಪಾತ ಸಿಗುತ್ತದೆ. 60 ಮತ್ತು 30 ಇದ್ದರೆ ಅನುಪಾತ 2. 84 ಮತ್ತು 7 ಇದ್ದರೆ 12. ಅನುಪಾತ ಏರಿದಷ್ಟೂ ಅಪಾಯ ಹೆಚ್ಚು, ಹಾಗಾಗಿ ಎರಡನೆಯ ರೋಗಿಯ ಮೇಲೆ ಕಣ್ಣಿಡಬೇಕು. ಸ್ಟೆರಾಯ್ಡ್ ಕೊಟ್ಟಾಗಲೂ ಈ ಅನುಪಾತ ಏರುವುದರಿಂದ ಔಷಧ ಶುರುವಾಗುವ ಮುನ್ನಿನ ವರದಿ ಕೈಯಲ್ಲಿರುವುದು ಒಳ್ಳೆಯದು.

ಯಾವ ಸೂಚಕವೂ ಆಕ್ಸಿಮೀಟರಿಗೆ ಬದಲಿಯಲ್ಲ. ದೊಡ್ಡ ಆಸ್ಪತ್ರೆಗೆ ಯಾರನ್ನು ಮೊದಲು ಕಳಿಸಬೇಕೆಂದು ತೀರ್ಮಾನಿಸಬೇಕಾದ ತಾಲ್ಲೂಕು ಆಸ್ಪತ್ರೆಗಳಲ್ಲಿ ಸಿಬಿಸಿ, ಯೂರಿಯಾ, ಸಿಆರ್‌ಪಿ ಈ ಮೂರು ಪರೀಕ್ಷೆಗಳು ಹಗಲುರಾತ್ರಿ ಸಿಗುವಂತಿರಬೇಕು. ದುಬಾರಿ ಪರೀಕ್ಷೆಗಳ ಮಾತು ಆಮೇಲಿನದು.