ಪಹಣಿ ಯಾರ ಕೈಯಲ್ಲಿತ್ತು? ಲಂಚದ ಒಂದು ಚರಿತ್ರೆ

ಲಂಚ ಅಂದ ತಕ್ಷಣ "ಜನಾನೇ ಸರಿಯಿಲ್ಲ ಬಿಡಿ" ಅಂತೀವಿ. ಇವತ್ತು ಆ ಮಾತನ್ನ ಪಕ್ಕಕ್ಕಿಟ್ಟು ಒಂದೇ ಒಂದು ಕಾಗದದ ಚರಿತ್ರೆ ನೋಡೋಣ: ಊರಿನ ಪಹಣಿ. ನಾವು ಪುಣೆಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ನಮ್ಮಲ್ಲಿ ಅನೇಕರ ಅಪ್ಪನ ಹೆಸರು ಇನ್ನೂ ಅದರಲ್ಲೇ ಇದೆ.

ಹಿಂದೆ ಊರಿನ ಜಮೀನು ಲೆಕ್ಕ ಶಾನುಭೋಗರದ್ದು, ಅದೂ ವಂಶಪಾರಂಪರ್ಯವಾಗಿ. 1961ರ ಕಾಯ್ದೆ 1963ರಲ್ಲಿ ಜಾರಿಯಾಗಿ ಆ ಪದ್ಧತಿ ಹೋಯ್ತು, ಸಂಬಳದ ಗ್ರಾಮಲೆಕ್ಕಿಗರು ಬಂದರು. ಹುದ್ದೆ ಬದಲಾಯ್ತು, ಪುಸ್ತಕ ಮಾತ್ರ ಒಬ್ಬರ ಕೈಯಲ್ಲೇ ಉಳೀತು. ರಾಜ್ಯದಲ್ಲಿ ಇಂಥವರು ಸುಮಾರು 9,000 ಜನ ಇದ್ದರು. ಬೆಳೆಸಾಲಕ್ಕೆ ಪಹಣಿ ಬೇಕು, ಕೋರ್ಟಿಗೆ ಬೇಕು, ಮಾರಾಟಕ್ಕೂ ಬೇಕು. ಪುಸ್ತಕ ಇರೋದು ಒಂದೇ ಕಡೆ. "ನಾಳೆ ಬಾ" ಅಂದರೆ ರೈತ ಇನ್ನೆಲ್ಲಿಗೆ ಹೋಗಬೇಕು? ಲಂಚ ಹುಟ್ಟಿದ್ದೇ ಅಲ್ಲಿ. ಕೊಡಲಾಗದವನಿಗೆ ಬಿತ್ತನೆ ಹೊತ್ತಿಗೆ ಸಾಲ ಸಿಗ್ತಿರಲಿಲ್ಲ. ಕೊಡಬಲ್ಲವನು ದಾಖಲೆಯನ್ನೇ ತಿದ್ದಿಸಬಹುದಿತ್ತು.

2001-02ರ ಹೊತ್ತಿಗೆ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ ಕಂಪ್ಯೂಟರಿಗೆ ಹೋಯ್ತು. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ರದ್ದಾಯ್ತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಯಾರು ಏನು ಬದಲಿಸಿದರು ಅನ್ನೋದು ದಾಖಲಾಗುತ್ತೆ. ಎದುರು ನಿಂತ ರೈತನಿಗೂ ಒಂದು ಪರದೆ. ಖಾತೆ ಬದಲಾವಣೆ ಅರ್ಜಿಗೆ ಸರತಿ: ಮೊದಲು ಬಂದಿದ್ದು ಮೊದಲು.

ಗಮನಿಸಿ, ಇಲ್ಲಿ ಯಾರ ಮನಸ್ಸನ್ನೂ ತಿದ್ದಲಿಲ್ಲ. ಒಬ್ಬರ ಏಕಸ್ವಾಮ್ಯ ಮುರಿದರು, ಅಷ್ಟೇ.

ಹಾಗಂತ ಲಂಚ ಹೋಯ್ತಾ? ಇಲ್ಲ. ಖಾತೆ ಬದಲಾವಣೆಗೆ ಅಧಿಕಾರಿಯ ಸಹಿ ಆಗಲೂ ಬೇಕಿತ್ತಲ್ಲ. ಎಲ್ಲಿ ವಿವೇಚನೆ ಉಳಿಯಿತೋ ಅಲ್ಲಿ ಕೈಬಿಸಿಯೂ ಉಳಿಯಿತು. ಅದಕ್ಕೇ 2011ರಲ್ಲಿ ಸೇವಾ ಖಾತರಿ ಕಾಯ್ದೆ, ಅಂದರೆ 'ಸಕಾಲ'. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಸಣ್ಣದು, ನಿಜ. ಆದರೆ ತಡ ಯಾರದ್ದು ಅಂತ ಕೇಳೋ ಹಕ್ಕು ಕಾನೂನಿನಲ್ಲಿ ಬಂತು.

ನಾವು ದಿನಾ ಸಿಸ್ಟಮ್ ಕಟ್ಟೋರು. ಲಾಗ್, ಕ್ಯೂ, ಪರ್ಮಿಷನ್ ಬೆಲೆ ನಮಗೆ ಗೊತ್ತು. ಆದರೆ ಆ ಹಕ್ಕು ತಾನಾಗಿ ಓಡೋ ಪ್ರೋಗ್ರಾಮ್ ಅಲ್ಲ, ಯಾರಾದರೂ ಕೇಳಬೇಕು. ಮುಂದಿನ ಸಲ ಊರಿಗೆ ಹೋದಾಗ ಏಜೆಂಟ್ ಕೈಗೆ ದುಡ್ಡು ಕೊಟ್ಟು "ಬೇಗ ಮುಗಿಸಿ, ಭಾನುವಾರ ಬಸ್ಸಿದೆ" ಅನ್ನೋ ಮೊದಲು, ಅರ್ಜಿಯ ರಸೀದಿ ಕೇಳಿ ಪಡೀರಿ. ನಮ್ಮ ಅವಸರದ ಬೆಲೆ ಕಟ್ಟೋದು ಸರತಿಯಲ್ಲಿ ನಿಂತ ಪಕ್ಕದ ಹೊಲದವನು.