ಜಪಾನಿನ ಪಾರಂಪರಿಕ ಸಮರಕಲಾ ಶಾಲೆಗಳ ರಾಷ್ಟ್ರೀಯ ಸಂಘ: ಸದಸ್ಯತ್ವದ ಕುರಿತು ಮಾಹಿತಿ

ಪೀಠಿಕೆ

ಜಪಾನ್ ದೇಶದಲ್ಲಿ 1868ರ ಮೇಜಿ ಪುನಃಸ್ಥಾಪನೆಗೆ ಮುಂಚಿನಿಂದ ನಡೆದುಬಂದ ಸಮರಕಲೆಗಳನ್ನು ಸಾಮಾನ್ಯವಾಗಿ 'ಕೊಬುದೋ' ಎಂದು ಕರೆಯಲಾಗುತ್ತದೆ. ಖಡ್ಗ, ಈಟಿ, ಬಿಲ್ಲು, ದೊಣ್ಣೆ ಹಾಗೂ ಜುಜುತ್ಸು ಮೊದಲಾದ ವಿದ್ಯೆಗಳನ್ನು ಕಲಿಸುವ ಪ್ರತಿಯೊಂದು ಶಾಲಾ ಪರಂಪರೆಗೂ 'ರ್ಯೂಹಾ' ಎಂದು ಹೆಸರು. 1876ರಲ್ಲಿ ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ನಿಷೇಧಿಸಿದ ಆಜ್ಞೆ ಹಾಗೂ 1945ರ ನಂತರ ಸಮರಕಲೆಗಳ ಮೇಲೆ ವಿಧಿಸಲಾದ ನಿರ್ಬಂಧಗಳಿಂದ ಈ ಶಾಲೆಗಳು ತೀವ್ರ ಹಿನ್ನಡೆ ಅನುಭವಿಸಿದವು. ಉತ್ತರಾಧಿಕಾರಿಯಿಲ್ಲದೆ ಗುರು ತೀರಿಕೊಂಡಲ್ಲಿ ಆ ವಿದ್ಯೆಯೂ ಅಳಿಯುವುದರಿಂದ, ಉಳಿದಿರುವ ಶಾಲೆಗಳ ಸಂರಕ್ಷಣೆಗಾಗಿ ರಾಷ್ಟ್ರಮಟ್ಟದ ಸಂಘಗಳು ಕಾರ್ಯನಿರ್ವಹಿಸುತ್ತಿವೆ.

ಪ್ರಮುಖ ಸಂಘಗಳು

1. ನಿಹೋನ್ ಕೊಬುದೋ ಶಿಂಕೋಕಾಯ್: 1935ರಲ್ಲಿ ಸ್ಥಾಪಿತವಾಗಿದೆ. ಟೋಕಿಯೋದ ಮೇಜಿ ದೇಗುಲದಲ್ಲಿ ನವೆಂಬರ್ 3ರಂದು ಪ್ರದರ್ಶನ ನಡೆಸುವ ವಾಡಿಕೆ ಇದೆ.

2. ನಿಹೋನ್ ಕೊಬುದೋ ಕ್ಯೋಕಾಯ್: 1979ರಲ್ಲಿ ಸ್ಥಾಪಿತವಾಗಿದೆ. 1964ರ ಒಲಿಂಪಿಕ್ ಕ್ರೀಡಾಕೂಟಕ್ಕಾಗಿ ನಿರ್ಮಿಸಲಾದ ನಿಪ್ಪಾನ್ ಬುದೋಕಾನ್ ಭವನವು ಇದರ ಕೇಂದ್ರವಾಗಿದೆ. ಫೆಬ್ರವರಿ ತಿಂಗಳಿನಲ್ಲಿ ಸದಸ್ಯ ಶಾಲೆಗಳ ಪ್ರದರ್ಶನ ಏರ್ಪಡಿಸುವುದು ವಾಡಿಕೆ.

ಜೂಡೋ, ಕೆಂದೋ, ಕರಾಟೆ ಮುಂತಾದ ಒಂಬತ್ತು ಆಧುನಿಕ ಕಲೆಗಳಿಗಾಗಿ 1977ರಲ್ಲಿ ಪ್ರತ್ಯೇಕ ಮಂಡಳಿ ರಚನೆಯಾಗಿದೆ. ಆದ್ದರಿಂದ ಈ ಕಲೆಗಳ ಅಭ್ಯಾಸಿಗಳು ಆಯಾ ಕಲೆಯ ಒಕ್ಕೂಟವನ್ನು ಸಂಪರ್ಕಿಸುವುದು ಸೂಕ್ತ.

ಸದಸ್ಯತ್ವದ ಸ್ವರೂಪ

ಕ್ಯೋಕಾಯ್ ಸಂಘದಲ್ಲಿ ಸದಸ್ಯತ್ವವು ಶಾಲೆಗೆ ಸಂಬಂಧಿಸಿದ್ದೇ ಹೊರತು ಬಿಡಿ ಅಭ್ಯಾಸಿಗೆ ಸಂಬಂಧಿಸಿದ್ದಲ್ಲ. ಶಾಲೆಯ ಪರವಾಗಿ ಅದರ ಮುಖ್ಯಸ್ಥರು, ಅಂದರೆ 'ಸೋಕೆ' ಅಥವಾ ಹಿರಿಯ ಬೋಧಕರು, ಪ್ರತಿನಿಧಿಸುತ್ತಾರೆ. ವಿದೇಶದಲ್ಲಿರುವ ಅಭ್ಯಾಸಕೇಂದ್ರವು ತನ್ನ ಮೂಲ ಶಾಲೆಯ ಅಂಗವಾಗಿರುತ್ತದೆಯೇ ಹೊರತು ಸ್ವತಂತ್ರ ಶಾಲೆ ಎನಿಸುವುದಿಲ್ಲ. ಶಾಲೆಯ ಪ್ರಾಚೀನತೆಯನ್ನು ಅರಿಯಲು ಈ ಕೆಳಕಂಡ ಅಂಶಗಳು ಆಧಾರವಾಗುತ್ತವೆ:

ಅ) ಸ್ಥಾಪಕರಿಂದ ಇಂದಿನ ಮುಖ್ಯಸ್ಥರವರೆಗಿನ ಅಖಂಡ ಗುರುಪರಂಪರೆ.
ಆ) ಪೀಳಿಗೆಯಿಂದ ಪೀಳಿಗೆಗೆ ಹಸ್ತಾಂತರವಾದ ಸುರುಳಿ ಗ್ರಂಥಗಳು ಮತ್ತು ಪರವಾನಗಿ ಪತ್ರಗಳು.
ಇ) ಶಾಲೆಗೇ ವಿಶಿಷ್ಟವಾದ ವರಸೆಗಳು ಬಳಕೆಯಲ್ಲಿರುವುದು.

ಈ ಪೈಕಿ ಗುರುಪರಂಪರೆಯು ಅತಿ ಮುಖ್ಯವಾದುದು. ಹಳೆಯ ಗ್ರಂಥಗಳನ್ನು ಓದಿ ಪುನರ್ರಚಿಸಿದ ವಿದ್ಯೆಯು, ಎಷ್ಟೇ ಶ್ರದ್ಧೆಯಿಂದ ರಚಿತವಾಗಿದ್ದರೂ, ಗುರುವಿನಿಂದ ನೇರವಾಗಿ ಪಡೆದ ವಿದ್ಯೆಗೆ ಸಮನಾಗುವುದಿಲ್ಲ.

ಆಸಕ್ತ ವ್ಯಕ್ತಿಗಳು ಅನುಸರಿಸಬೇಕಾದ ಕ್ರಮ

1. ಮೊದಲು ನಿರ್ದಿಷ್ಟ ಶಾಲೆಯೊಂದನ್ನು ಆಯ್ಕೆ ಮಾಡಿಕೊಂಡು, ಅದರ ಅಭ್ಯಾಸಕೇಂದ್ರಕ್ಕೆ ವಿನಯಪೂರ್ವಕವಾಗಿ ಪತ್ರ ಬರೆಯತಕ್ಕದ್ದು. ಪರಿಚಿತರ ಅಥವಾ ಹಿಂದಿನ ಗುರುಗಳ ಪರಿಚಯ ಪತ್ರವಿದ್ದಲ್ಲಿ ಅನುಕೂಲ.
2. ಅನುಮತಿ ದೊರೆತ ನಂತರ ಅಭ್ಯಾಸವನ್ನು ವೀಕ್ಷಿಸಬಹುದು.
3. ಗುರುಗಳು ಒಪ್ಪಿದಲ್ಲಿ ಶಿಷ್ಯತ್ವ ಸ್ವೀಕಾರವಾಗುತ್ತದೆ. ಕೆಲವು ಶಾಲೆಗಳಲ್ಲಿ ಪ್ರತಿಜ್ಞಾಪತ್ರಕ್ಕೆ ರಕ್ತದ ಮುದ್ರೆಯೊತ್ತುವ ಪದ್ಧತಿ ಇದೆ.
4. ಹಲವು ವರ್ಷಗಳ ಅಭ್ಯಾಸದ ನಂತರ 'ಮೊಕುರೋಕು', 'ಮೆಂಕ್ಯೋ' ಮುಂತಾದ ಪರವಾನಗಿಗಳು ಲಭಿಸಬಹುದು. 'ದಾನ್' ಶ್ರೇಣಿಯು ಜೂಡೋ ಸ್ಥಾಪಕರಾದ ಕಾನೋ ಜಿಗೋರೋ ಅವರು 1883ರಲ್ಲಿ ಜಾರಿಗೆ ತಂದ ಪದ್ಧತಿಯಾಗಿದ್ದು, ಪಾರಂಪರಿಕ ಪರವಾನಗಿಗಳಿಂದ ಭಿನ್ನವಾದುದು.
5. ಇತರರಿಗೆ ಬೋಧಿಸಲು ಶಾಲೆಯ ಪ್ರತ್ಯೇಕ ಅನುಮತಿ ಅಗತ್ಯ.

ಜಪಾನಿನಲ್ಲಿ ದೀರ್ಘಕಾಲ ನೆಲೆಸಿ, ಆದಾಯವಿಲ್ಲದೆ ತಜ್ಞರ ಬಳಿ ಕಲಿಯಲಿಚ್ಛಿಸುವವರಿಗೆ 'ಸಾಂಸ್ಕೃತಿಕ ಚಟುವಟಿಕೆ' ಎಂಬ ವಾಸ್ತವ್ಯ ವರ್ಗವಿದೆ. ಕರ್ನಾಟಕದ ಅರ್ಜಿದಾರರು ವೀಸಾ ನಿಯಮಗಳನ್ನು ಬೆಂಗಳೂರಿನಲ್ಲಿರುವ ಜಪಾನ್ ಕಾನ್ಸುಲೇಟ್ ಮುಖಾಂತರ ಖಚಿತಪಡಿಸಿಕೊಳ್ಳಬಹುದು.

ಗಮನಿಸಬೇಕಾದ ಅಂಶಗಳು

• ಶುಲ್ಕ ಪಾವತಿಸಿದ ಮಾತ್ರಕ್ಕೆ ಪರಂಪರೆಯ ಅಧಿಕಾರ ದೊರೆಯುವುದಿಲ್ಲ. ಅಲ್ಪಾವಧಿ ಶಿಬಿರದಲ್ಲಿ 'ಗುರು' ಪದವಿ ನೀಡುವುದಾಗಿ ಭರವಸೆ ಕೊಡುವವರ ಬಗ್ಗೆ ಎಚ್ಚರದಿಂದಿರುವುದು.
• ಹಣ ಪಾವತಿಸುವ ಮುನ್ನ ಬೋಧಕರು ಯಾರಿಂದ, ಯಾವ ವರ್ಷದಲ್ಲಿ, ಯಾವ ಪರವಾನಗಿ ಪಡೆದಿರುವರೆಂದು ವಿಚಾರಿಸಿ, ಸಾಧ್ಯವಾದಲ್ಲಿ ಮೂಲ ಶಾಲೆಯಿಂದ ದೃಢೀಕರಣ ಪಡೆಯತಕ್ಕದ್ದು.
• ಸಂಘದ ಸದಸ್ಯರಲ್ಲದ ಮಾತ್ರಕ್ಕೆ ಶಾಲೆಯೊಂದು ಅನಧಿಕೃತವೆಂದು ಭಾವಿಸಬಾರದು. ಸಂಘಗಳ ಹೊರಗೂ ಪ್ರಾಚೀನ ಶಾಲೆಗಳು ಇರುವ ಕಾರಣ, ಸದಸ್ಯತ್ವದ ಜೊತೆಗೆ ಗುರುಪರಂಪರೆಯನ್ನೂ ಪರಿಶೀಲಿಸುವುದು ಅವಶ್ಯಕ.