ಮನೆಯಲ್ಲಿ ಕಟ್ಟಿದ ಪಂದ್ಯದ ಮೋಟಾರು

ಹಲಸೂರನ್ನು ದಾಟಿ ಪೂರ್ವಕ್ಕೆ ಹೋಗುವವರಿಗೆ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ನೆಲ ಪರಿಚಿತವಾದುದೇ. 1940ರ ಡಿಸೆಂಬರಿನಲ್ಲಿ, ಮೈಸೂರು ಸರ್ಕಾರದ ಒತ್ತಾಸೆಯಿಂದ, ಅದು ಸ್ಥಾಪಿತವಾಯಿತು. ಮಹಾಯುದ್ಧ ಮುಗಿದ ಮೇಲೂ ಅಲ್ಲಿನ ವಿಮಾನದ ಹಾದಿಗೆ ಬಿಡುವು ದೊರೆಯಲಿಲ್ಲ. 2008ರವರೆಗೆ ಊರಿನ ಪ್ರಯಾಣಿಕರೂ ಅಲ್ಲಿಂದಲೇ ಹಾರಿದರು. ಮದರಾಸಿನ ಉತ್ತರಕ್ಕಿರುವ ಷೋಳಾವರದ ಪಾಡು ಬೇರೆ. ಯುದ್ಧಕಾಲದ ಆ ಹಾದಿ ಬರಿದಾಗಿ ಬಿದ್ದಿತ್ತು. 1953ರಲ್ಲಿ ಹುಟ್ಟಿದ ಮದರಾಸಿನ ಮೋಟಾರು ಕ್ರೀಡಾ ಸಂಘವು ಅಲ್ಲಿ ಪಂದ್ಯಗಳನ್ನು ನಡೆಸಿತು. ನಮ್ಮ ದಂಡಿನಲ್ಲಿ ಕಬ್ಬಿಣವನ್ನು ಬಲ್ಲ ಕೈಗಳಿಗೆ ಕೊರತೆಯಿರಲಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಬಿಡಿಭಾಗಗಳಿಗೂ ಕೊರತೆಯಿರಲಿಲ್ಲ. ಇಲ್ಲದಿದ್ದುದು ಬಿಡುವಾದ ನೆಲ. ಪಂದ್ಯದ ಹುಚ್ಚು ಹಿಡಿದ ಬೆಂಗಳೂರಿನವರು ಇನ್ನೂರು ಮೈಲಿಗೂ ಮಿಕ್ಕು ದೂರದ ಷೋಳಾವರಕ್ಕೆ ಹೋಗಬೇಕಾಯಿತು.

ನೆಲ ದೊರೆತ ಮಾತ್ರಕ್ಕೆ ಗಾಡಿ ದೊರೆಯುವುದಿಲ್ಲವಷ್ಟೆ. ಹೊರದೇಶದ ಪಂದ್ಯದ ಮೋಟಾರನ್ನು ತರಿಸಲು ಸಿರಿವಂತಿಕೆ ಬೇಕು. ಇಂಗ್ಲೆಂಡಿನಲ್ಲಿಯೂ ಈ ತೊಡಕು ಇತ್ತು. 1946ರಲ್ಲಿ ಚಾರ್ಲ್ಸ್ ಕೂಪರ್ ಮತ್ತು ಮಗ ಜಾನ್ ತಮ್ಮ ಗ್ಯಾರೇಜಿನಲ್ಲಿ ಎರಡು ಹಳೆಯ ಫಿಯಟ್ ಗಾಡಿಗಳ ಮುಂಭಾಗಗಳನ್ನು ಬೆನ್ನಿಗೆ ಬೆನ್ನಾಗಿ ಜೋಡಿಸಿದರು, 500 ಸಿ.ಸಿ. ಮೋಟಾರ್ ಸೈಕಲ್ಲಿನ ಎಂಜಿನನ್ನು ಸವಾರನ ಹಿಂದೆ ಕೂರಿಸಿದರು. ಎಂಜಿನು ಹಿಂದಿರುವುದೇ ಸರಪಳಿಗೆ ಅನುಕೂಲ. ತತ್ತ್ವಕ್ಕಿಂತ ಉಳಿತಾಯವೇ ಇಲ್ಲಿ ಗುರುವಾಯಿತೆಂದು ನಮಗೆ ತೋರುತ್ತದೆ. ಈ ಮನೆತನದ ಗಾಡಿಗಳೇ 1959ರಲ್ಲಿ, ಮತ್ತೆ 1960ರಲ್ಲಿ, ಜಗತ್ತಿನ ಅಗ್ರಪದವಿಯನ್ನು ಪಡೆದವು.

ದಕ್ಷಿಣದಲ್ಲಿ ಇದೇ ಜಾಣ್ಮೆಯನ್ನು ತೋರಿದವರು ಕೊಯಮತ್ತೂರಿನ ಎಸ್. ಕರಿವರ್ಧನ್. ಗಿರಣಿಯ ಮನೆತನದವರು, ಬೇಕಾದುದನ್ನು ತರಿಸಿಕೊಳ್ಳಬಲ್ಲವರು. ಆದರೂ ಅವರು ನೋಡಿದುದು ಬೀದಿಯಲ್ಲಿ ಓಡುವ ಮಾರುತಿಯನ್ನು. 1983ರ ಕೊನೆಗೆ ಬಂದ ಆ ಪುಟ್ಟ ಕಾರಿನಲ್ಲಿ ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನು ಮುಂಗಾಲಿಗಳನ್ನು ಎಳೆಯುತ್ತದೆ. ಅದನ್ನೂ ಗೇರುಪೆಟ್ಟಿಗೆಯನ್ನೂ ಒಟ್ಟಾಗಿ ಕಳಚಿ ಉಕ್ಕಿನ ಕೊಳವೆಗಳ ಚೌಕಟ್ಟಿನಲ್ಲಿ ಸವಾರನ ಹಿಂದಿಟ್ಟರೆ, ಅದೇ ಶಕ್ತಿ ಹಿಂಗಾಲಿಗಳನ್ನು ತಳ್ಳುತ್ತದೆ. ಫಾರ್ಮುಲಾ ಮಾರುತಿಯ ಗುಟ್ಟು ಇಷ್ಟೇ. ಎಂಜಿನು ಕೆಟ್ಟರೆ ಯಾವ ಊರಿನ ಅಂಗಡಿಯಲ್ಲಾದರೂ ಅದರ ಭಾಗ ಸಿಕ್ಕುತ್ತಿತ್ತು.

ಇದನ್ನು ಆಟಿಕೆಯೆಂದು ನಕ್ಕವರ ಮಾತನ್ನು ನಾವು ಒಪ್ಪಲಾರೆವು. ಎಲ್ಲರಿಗೂ ಒಂದೇ ಬಗೆಯ ಗಾಡಿಯಾದ ಮೇಲೆ ತಿರುವಿನಲ್ಲಿ ಗೆಲ್ಲುವುದು ಹಣವಲ್ಲ, ಕೈ. ಷೋಳಾವರಕ್ಕೇ ಬೆಂಗಳೂರಿನ ಉದ್ಯಮಿ ವಿಜಯ ಮಲ್ಯರು ವಿದೇಶದ ಎನ್ಸೈನ್ ಗಾಡಿಯನ್ನು ತಂದು ಓಡಿಸಿದ್ದುಂಟು. ನೋಡಲು ಅದು ಸೊಗಸೇ ಸರಿ, ಆದರೆ ಅದರ ಜೊತೆಗೆ ಸರಿಸಮನಾಗಿ ಓಡಬಲ್ಲವರು ಎಷ್ಟು ಮಂದಿ?

ಇತ್ತ ಈ ಅಗ್ಗದ ಗಾಡಿಯಲ್ಲಿ ಪಂದ್ಯವನ್ನು ಕಲಿತ ಹುಡುಗರಲ್ಲಿ ನಾರಾಯಣ್ ಕಾರ್ತಿಕೇಯನ್ ಒಬ್ಬರು. 2005ರಲ್ಲಿ ಅವರು ಜೋರ್ಡಾನ್ ತಂಡದ ಸವಾರರಾಗಿ ಫಾರ್ಮುಲಾ ಒಂದನ್ನು ಪ್ರವೇಶಿಸಿದರು. ಆ ಮೆಟ್ಟಿಲನ್ನು ಏರಿದ ಭಾರತೀಯರಲ್ಲಿ ಅವರೇ ಮೊದಲಿಗರು. ಅದನ್ನು ನೋಡಲು ಕರಿವರ್ಧನ್ ಇರಲಿಲ್ಲ. 1995ರಲ್ಲಿ ಪುಟ್ಟ ವಿಮಾನವೊಂದರ ಅಪಘಾತದಲ್ಲಿ ಅವರು ತೀರಿಕೊಂಡಿದ್ದರು. 2003ರಲ್ಲಿ ಕೊಯಮತ್ತೂರಿನ ಹೊರವಲಯದ ಚೆಟ್ಟಿಪಾಳ್ಯದಲ್ಲಿ ತೆರೆದ ಪಂದ್ಯದ ಹಾದಿಗೆ ಅವರ ಹೆಸರನ್ನಿಟ್ಟರು.